ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂತಾರೆ: ತೊಳೆಯೋದಾ, ಬದಲಿಸೋದಾ, ಬದಲಿಸೋದಾದ್ರೆ ಯಾವುದು?

ಚೆಕ್ ಇಂಜಿನ್ ಲೈಟ್ ಹೊತ್ತಿಕೊಂಡಿದೆ. ಮೈಲೇಜ್ ಸ್ವಲ್ಪ ಇಳಿದಿದೆ. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಒಂಥರಾ ನಡುಗುತ್ತದೆ. ಗ್ಯಾರೇಜಿನವರು ಸ್ಕ್ಯಾನರ್ ಸಿಕ್ಕಿಸಿ ಎರಡು ನಿಮಿಷ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗಿದೆ ಸರ್, ಹೊಸತು ಹಾಕ್ಬೇಕು" ಅಂದಿದ್ದಾರೆ. ಈಗ ನಿಮ್ಮ ಮುಂದೆ ಹಲವು ದಾರಿ. ಕಂಪನಿ ಸರ್ವಿಸ್ ಸೆಂಟರಿಗೆ ಒಯ್ಯಬಹುದು. ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಸೆನ್ಸರ್ ತಂದು ಊರಿನ ಮೆಕ್ಯಾನಿಕ್ ಕೈಲಿ ಹಾಕಿಸಬಹುದು. ಆನ್‌ಲೈನ್‌ನಲ್ಲಿ ಅಗ್ಗದ್ದು ತರಿಸಬಹುದು, ಗುಜರಿಯಲ್ಲಿ ಹುಡುಕಬಹುದು. "ಬಿಚ್ಚಿ ತೊಳೆದ್ರೆ ಸಾಕು ಮಾರಾಯ್ರೆ" ಅನ್ನುವವರೂ ಸಿಗುತ್ತಾರೆ.

ಮಂಗಳೂರು, ಉಡುಪಿ ಕಡೆ ಓಡುವ ಕಾರುಗಳ ಮಟ್ಟಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ದುಡ್ಡು ಪರೀಕ್ಷೆಗೆ ಹೋಗಲಿ, ಸೆನ್ಸರಿಗೆ ಆಮೇಲೆ. ಮಳೆ, ಉಪ್ಪುಗಾಳಿ, ಇಲಿ ಮೂರೂ ಇರುವ ಊರಿನಲ್ಲಿ ಸೆನ್ಸರಿಗಿಂತ ಮೊದಲು ಅದರ ವೈರು, ಕಪ್ಲರ್ (ವೈರು ಜೋಡಿಸುವ ಪ್ಲಗ್), ಪೈಪು ಕೆಡುವುದು ಮಾಮೂಲು. ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಕಾರಿನ ಮಾತು. ಡೀಸೆಲ್‌ನ ಸಂಗತಿಯೇ ಬೇರೆ.

ಎರಡು ಸೆನ್ಸರ್, ಎರಡು ಕೆಲಸ

ಸೈಲೆನ್ಸರ್ ಪೈಪಿಗೆ ತಿರುಪಿ ಕೂರಿಸಿದ, ಹೆಬ್ಬೆರಳು ಗಾತ್ರದ ಸಾಮಾನು ಇದು. ಒಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಸುಮಾರು 300 ಡಿಗ್ರಿ ಬಿಸಿಯಾದ ಮೇಲೆ ಅದು ಹೊಗೆಯಲ್ಲಿ ಉಳಿದ ಆಕ್ಸಿಜನ್‌ಗೂ ಹೊರಗಿನ ಗಾಳಿಗೂ ಇರುವ ವ್ಯತ್ಯಾಸ ನೋಡಿ ವೋಲ್ಟ್ ಕೊಡುತ್ತದೆ. ಪೆಟ್ರೋಲ್ ಜಾಸ್ತಿಯಾದರೆ 0.9 ವೋಲ್ಟ್ ಹತ್ತಿರ, ಕಮ್ಮಿಯಾದರೆ 0.1 ಹತ್ತಿರ. ಇಂಜಿನ್ ಕಂಪ್ಯೂಟರ್ ಅದನ್ನು ನೋಡಿಕೊಂಡು ಪೆಟ್ರೋಲ್ ಏರಿಸಿ ಇಳಿಸಿ, ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಎಂಬ ಲೆಕ್ಕದ ಸುತ್ತಮುತ್ತ ಇಡುತ್ತದೆ. 1976ರಲ್ಲಿ ಬಾಷ್‌ನವರು ವೋಲ್ವೋ ಕಾರಿಗೆ ಕೊಟ್ಟ ಸೆನ್ಸರಿನ ತತ್ವವೂ ಇದೇ. ಬೇಗ ಬಿಸಿಯಾಗಲಿ ಅಂತ ಆಮೇಲೆ ಒಳಗೊಂದು ಹೀಟರ್ ಸೇರಿತು, ಅಷ್ಟೇ.

ಈಗಿನ ಕಾರುಗಳಲ್ಲಿ ಇಂಥವು ಎರಡು. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಮೊದಲು ಒಂದು, ನಂತರ ಒಂದು. ಪೆಟ್ರೋಲ್ ಎಷ್ಟು ಅಂತ ತೀರ್ಮಾನವಾಗುವುದು ಮುಖ್ಯವಾಗಿ ಮೊದಲನೆಯದರಿಂದ. ಎರಡನೆಯದು ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಕಾಯುತ್ತದೆ. ಹಾಗಾಗಿ ಯಾರಾದರೂ "ಸೆನ್ಸರ್ ಹೋಗಿದೆ" ಅಂದರೆ ಮೊದಲ ಪ್ರಶ್ನೆ: ಯಾವುದು? ಮೊದಲನೆಯದು ಕೆಟ್ಟರೆ ಮೈಲೇಜ್, ಪಿಕಪ್ ಎರಡೂ ಹೋಗುತ್ತವೆ. ಎರಡನೆಯದು ಕೆಟ್ಟರೆ ಹೆಚ್ಚಿನ ಸಲ ಲೈಟ್ ಹೊತ್ತುತ್ತದೆ, ಕಾರು ಸುಮ್ನೆ ಓಡುತ್ತಲೇ ಇರುತ್ತದೆ.

ಕೋಡ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸ್ಕ್ಯಾನರ್ ತೋರಿಸುವ ದೋಷದ ನಂಬರಿಗೆ ಕೋಡ್ ಅನ್ನುತ್ತಾರೆ. ಗ್ಯಾರೇಜಿನಲ್ಲಿ ಸಂಕೋಚ ಬೇಡ. "ಅಣ್ಣ, ಕೋಡ್ ಎಂತ ಬಂದದ್ದು? ಒಂದು ಫೋಟೋ ತೆಗೀತೇನೆ" ಅನ್ನಿ. ಕೊಡದಿದ್ದರೆ ಬೇರೆ ಗ್ಯಾರೇಜ್ ನೋಡಿ.

ಪಿ0135 ಬಂದರೆ ಮೊದಲ ಸೆನ್ಸರಿನ ಹೀಟರ್ ಸರ್ಕ್ಯೂಟ್, ಪಿ0141 ಬಂದರೆ ಎರಡನೆಯದರ ಹೀಟರ್ ಸರ್ಕ್ಯೂಟ್. ಪಿ0133 ಅಂದರೆ ಮೊದಲನೆಯದು ನಿಧಾನವಾಗಿದೆ. ಪಿ0131 ವೋಲ್ಟ್ ತೀರಾ ಕಮ್ಮಿ, ಪಿ0132 ತೀರಾ ಜಾಸ್ತಿ, ಪಿ0134 ಅಂದರೆ ಸದ್ದೇ ಇಲ್ಲ. ಇವುಗಳಲ್ಲಿ ಪಿ0133 ಮಾತ್ರ ಸೆನ್ಸರ್ ಮುದಿಯಾಗಿದೆ ಅನ್ನುವುದಕ್ಕೆ ತಕ್ಕಮಟ್ಟಿನ ಸಾಕ್ಷಿ. ಉಳಿದವು ಸೆನ್ಸರಿನದೂ ಆಗಿರಬಹುದು, ವೈರಿಂಗಿನದೂ ಆಗಿರಬಹುದು. "ಹೀಟರ್ ಸರ್ಕ್ಯೂಟ್" ಅಂದಾಗ ಅದರೊಳಗೆ ಫ್ಯೂಸು, ವೈರು, ಕಪ್ಲರ್ ಎಲ್ಲಾ ಬಂತು.

ಹೆಚ್ಚು ದುಡ್ಡು ಪೋಲಾಗುವುದು ಪಿ0171, ಪಿ0172, ಪಿ0420 ಬಂದಾಗ. ಮೊದಲಿನದು ಪೆಟ್ರೋಲ್ ಕಮ್ಮಿ ಅನ್ನುತ್ತದೆ, ಎರಡನೆಯದು ಜಾಸ್ತಿ ಅನ್ನುತ್ತದೆ, ಮೂರನೆಯದು ಕನ್ವರ್ಟರ್ ಸೋತಿದೆ ಅನ್ನುತ್ತದೆ. ಮೂರರಲ್ಲೂ ಸೆನ್ಸರ್ ದೂರು ತಂದವನು. ಕಳ್ಳ ಅವನೇ ಆಗಬೇಕೆಂದಿಲ್ಲ. ಇಂಟೇಕ್ ಪೈಪ್ ಸೀಳಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು, ಪೆಟ್ರೋಲ್ ಪಂಪ್ ಸೊರಗಿರಬಹುದು. ಸೆನ್ಸರ್ ಬದಲಿಸಿದರೆ ಕೋಡ್ ಅಳಿಸಿದ ಕಾರಣಕ್ಕೆ ಕೆಲವು ದಿನ ಲೈಟ್ ಇರುವುದಿಲ್ಲ. ಆಮೇಲೆ ಮತ್ತೆ ಹಾಜರು.

ನಮ್ಮ ಕಡೆಯದ್ದೇ ಆದ ಕಾರಣಗಳನ್ನೂ ನೋಡಿ. ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನಿಂತ ನೀರಿನಲ್ಲಿ ಕಾರು ಓಡಿಸಿದ್ದೀರಾ? ಕಾದ ಸೆನ್ಸರಿಗೆ ತಣ್ಣೀರು ಬಡಿದರೆ ಒಳಗಿನ ಪಿಂಗಾಣಿ ಬಿರುಕು ಬಿಡಬಹುದು. ಕಪ್ಲರ್ ಒಳಗೆ ನೀರು ಹೋಗಿ ಪಿನ್ ಹಸಿರುಗಟ್ಟಬಹುದು. ಮನೆ ಮಲ್ಪೆ, ಪಣಂಬೂರು, ಸುರತ್ಕಲ್ ಥರ ಕಡಲಿಗೆ ಹತ್ತಿರವಾಗಿದ್ದರೆ ಪೈಪಿನ ಬೆಸುಗೆ ಜಾಗದಲ್ಲಿ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಆ ತೂತು ಮೊದಲ ಸೆನ್ಸರಿನ ಹತ್ತಿರವಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಪ್ರಾಮಾಣಿಕವಾಗಿಯೇ "ಆಕ್ಸಿಜನ್ ಜಾಸ್ತಿ ಉಂಟು" ಅನ್ನುತ್ತದೆ. ಕಂಪ್ಯೂಟರ್ ಸುಮ್ಮನೆ ಪೆಟ್ರೋಲ್ ಸುರಿಯುತ್ತದೆ. ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಬಾನೆಟ್ ಕೆಳಗೆ "ಟಿಕ್ ಟಿಕ್" ಅಂತ ಕೇಳಿ, ಬಿಸಿಯಾದ ಮೇಲೆ ಅದು ನಿಂತರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಇಂಜಿನ್‌ಗೂ ಹೊಗೆ ಪೈಪಿಗೂ ನಡುವಿನ ಸೀಲ್) ಮೇಲೆ ಅನುಮಾನ ಪಡಿ. ಇನ್ನು ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಬಂದು ಕೂರುವುದು ಇಲ್ಲಿ ಯಾರಿಗೆ ಗೊತ್ತಿಲ್ಲ?

ಯಾರ ಕೈಲಿ ಪರೀಕ್ಷೆ?

ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಸ್ಕ್ಯಾನರ್ ಸಿಕ್ಕಿಸುವ ಜಾಗ) ಸಿಕ್ಕಿಸುವ ಇಎಲ್‌ಎಂ327 ಡಾಂಗಲ್ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಅದನ್ನು ಫೋನಿನ ಆ್ಯಪ್‌ಗೆ ಜೋಡಿಸಿ. ತೀರಾ ಅಗ್ಗದವು ಕೆಲವು ಕಾರುಗಳ ಜೊತೆ ಮಾತೇ ಆಡುವುದಿಲ್ಲ, ಹಾಗಾಗಿ ವಾಪಸ್ ಮಾಡುವ ಅವಕಾಶ ಇರುವಲ್ಲೇ ಕೊಳ್ಳಿ. ನನ್ನ ಪ್ರಕಾರ ಮನೆಯಲ್ಲಿ ಇರಬೇಕಾದ ಸಾಮಾನು. ಕೋಡ್ ಓದುವುದಕ್ಕಿಂತ ಸೆನ್ಸರಿನ ವೋಲ್ಟ್ ಗ್ರಾಫ್ ನೋಡಲಿಕ್ಕೆ ಇದು ಬೇಕು.

ಹೇಗೆ ನೋಡುವುದು? ಪಡುಬಿದ್ರಿಯಿಂದ ಮೂಲ್ಕಿವರೆಗೆ ಹೆದ್ದಾರಿಯಲ್ಲಿ ಒಂದು ಓಟ ಹೊಡೆದು ಇಂಜಿನ್ ಚೆನ್ನಾಗಿ ಬಿಸಿ ಮಾಡಿ. ರಸ್ತೆ ಬದಿಗೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 2000 ಆರ್‌ಪಿಎಂ ಆಸುಪಾಸು ಹಿಡಿದುಕೊಳ್ಳಿ. ಮೊದಲ ಸೆನ್ಸರಿನ ಗೆರೆ 0.1ಕ್ಕೂ 0.8ಕ್ಕೂ ನಡುವೆ ಬೇಗಬೇಗ ಏರಿಳಿಯಬೇಕು. ಎರಡನೆಯದರ ಗೆರೆ 0.6, 0.7ರ ಹತ್ತಿರ ಬಹುತೇಕ ನೆಟ್ಟಗೆ ಮಲಗಿರಬೇಕು. ಎರಡನೆಯದೂ ಮೊದಲನೆಯದರ ಹಾಗೆ ಕುಣಿಯುತ್ತಿದ್ದರೆ ಕನ್ವರ್ಟರ್ ಕಡೆ ನೋಡಿ. ಮೊದಲನೆಯದು 0.45ರಲ್ಲೇ ಅಲುಗಾಡದೆ ನಿಂತಿದ್ದರೆ ಸೆನ್ಸರ್ ಸಾಯುತ್ತಿದೆ, ಇಲ್ಲವೇ ಬಿಸಿಯಾಗುತ್ತಿಲ್ಲ, ಇಲ್ಲವೇ ವೈರ್ ಕಡಿದಿದೆ. ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿ ಬಿಡಿ. ಒತ್ತಿದಾಗ 0.8 ದಾಟಬೇಕು, ಬಿಟ್ಟಾಗ ಸೊನ್ನೆಯ ಹತ್ತಿರ ಬೀಳಬೇಕು. ಎರಡೂ ತಡವಿಲ್ಲದೆ ಆದರೆ ಆ ಸೆನ್ಸರನ್ನು ಮುಟ್ಟಬೇಡಿ, ಅದು ಚೆನ್ನಾಗಿಯೇ ಇದೆ. ಚಾರ್ಮಾಡಿ ಘಾಟಿ ಇಳಿಯುವಾಗ ಇನ್ನೂ ಸುಲಭ. ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜಿನ್ ಪೆಟ್ರೋಲ್ ನಿಲ್ಲಿಸುತ್ತದೆ, ಪೈಪಿನಲ್ಲಿ ಬರೀ ಗಾಳಿ. ಗೆರೆ ತಳಕ್ಕೆ ಬೀಳಲೇಬೇಕು. ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ, ಆ ತಿರುವುಗಳಲ್ಲಿ ನೀವು ಫೋನ್ ನೋಡಬೇಡಿ.

ಒಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಮೊದಲನೆಯದು ವೈಡ್‌ಬ್ಯಾಂಡ್ ಥರದ್ದು, ಏರ್ ಫ್ಯೂಯಲ್ ಸೆನ್ಸರ್ ಅನ್ನುತ್ತಾರೆ. ಅದು ಹೀಗೆ ಕುಣಿಯುವುದೇ ಇಲ್ಲ. ಆ್ಯಪ್‌ನಲ್ಲಿ ಲ್ಯಾಂಬ್ಡಾ (ಗಾಳಿ, ಪೆಟ್ರೋಲ್ ಲೆಕ್ಕ ಸರಿಯಿದ್ದರೆ 1 ತೋರಿಸುವ ಅಂಕಿ) 1ರ ಹತ್ತಿರ ನಿಂತಿದ್ದರೆ ಅದೇ ಸರಿ. ಕುಣಿಯಲಿಲ್ಲ ಅಂತ ಒಳ್ಳೆಯ ಸೆನ್ಸರ್ ಕಿತ್ತು ಬಿಸಾಡಿದವರಿದ್ದಾರೆ.

ಫ್ಯೂಯಲ್ ಟ್ರಿಮ್ ಕೂಡ ನೋಡಿ. ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಏರಿಸಿದೆ (ಪ್ಲಸ್) ಅಥವಾ ಇಳಿಸಿದೆ (ಮೈನಸ್) ಅನ್ನುವ ಲೆಕ್ಕ ಅದು. ಲಾಂಗ್ ಟರ್ಮ್ ಟ್ರಿಮ್ ಪ್ಲಸ್ ಮೈನಸ್ 10 ಶೇಕಡಾ ಒಳಗಿದ್ದರೆ ತಲೆ ಕೆಡಿಸಿಕೊಳ್ಳುವುದು ಬೇಡ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿದುಬಿಟ್ಟರೆ ಎಲ್ಲೋ ಗಾಳಿ ಸೋರುತ್ತಿದೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಚಡಾವು ಹತ್ತುವಾಗ ಏರಿದರೆ ಪೆಟ್ರೋಲ್ ಸರಬರಾಜು ಸಾಲುತ್ತಿಲ್ಲ. ಇವೆರಡಕ್ಕೂ ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ. ಇನ್ನು ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥನಾಲ್ ಇದೆ. ಎಥನಾಲ್ ಒಳಗೇ ಆಕ್ಸಿಜನ್ ಇರುವುದರಿಂದ ಟ್ರಿಮ್ ಸ್ವಲ್ಪ ಪ್ಲಸ್ ಕಡೆಗೆ ಜರುಗುವುದು, ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಅದಕ್ಕೂ ಸೆನ್ಸರನ್ನು ದೂರಬೇಡಿ.

ಡಾಂಗಲ್ ಇಲ್ಲದವರಿಗೆ ಊರಿನ ಒಳ್ಳೆಯ ಗ್ಯಾರೇಜ್. ಇಲ್ಲಿ ಒಳ್ಳೆಯದು ಅಂದರೆ ಕೋಡ್ ಓದಿ ನಿಲ್ಲಿಸದೆ ಲೈವ್ ಡೇಟಾ (ಇಂಜಿನ್ ಓಡುವಾಗಿನ ಅಂಕಿಗಳು) ತೆರೆದು ತೋರಿಸುವವರು. ಹೀಟರ್ ಕೋಡ್ ಆದರೆ ನಾನಾದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗುತ್ತೇನೆ. ಅವರ ಮಲ್ಟಿಮೀಟರ್ ಐದು ನಿಮಿಷದಲ್ಲಿ ಉತ್ತರ ಹೇಳುತ್ತದೆ. ನಾಲ್ಕು ವೈರಿನ ಸೆನ್ಸರಿನಲ್ಲಿ ಒಂದೇ ಬಣ್ಣದ ಎರಡು ವೈರು ಸಾಮಾನ್ಯವಾಗಿ ಹೀಟರಿನವು. ಕಪ್ಲರ್ ಬಿಚ್ಚಿ ಸೆನ್ಸರ್ ಕಡೆಯ ಆ ಎರಡು ಪಿನ್ ನಡುವೆ ಓಮ್ ನೋಡಬೇಕು. ಕೆಲವೇ ಓಮ್ ತೋರಿಸಿದರೆ ಹೀಟರ್ ಬದುಕಿದೆ. ಏನೂ ತೋರಿಸದಿದ್ದರೆ ಕಡಿದಿದೆ, ಸೆನ್ಸರ್ ಬದಲಿಸಲೇಬೇಕು. ಹೀಟರ್ ಸರಿಯಿದ್ದರೆ ಇಂಜಿನ್ ಕಡೆಯಿಂದ ಬ್ಯಾಟರಿ ವೋಲ್ಟ್ ಬರುತ್ತಿದೆಯಾ ನೋಡಬೇಕು. ಬರದಿದ್ದರೆ ಫ್ಯೂಸು, ಅಥವಾ ಇಲಿ.

ಕಂಪನಿ ಸರ್ವಿಸ್ ಸೆಂಟರ್ ಯಾವಾಗ? ವಾರಂಟಿ ಇದ್ದರೆ ಬೇರೆ ಯೋಚನೆಯೇ ಬೇಡ, ನೇರ ಅಲ್ಲಿಗೇ. ಹೊರಗೆ ವೈರ್ ಕತ್ತರಿಸಿದ ಮೇಲೆ ಹೋದರೆ ವಾರಂಟಿ ಕೇಳಲು ಬಾಯಿ ಇರುವುದಿಲ್ಲ. ವಾರಂಟಿ ಮುಗಿದಿದ್ದರೆ ಒಂದು ಗುಣ, ಒಂದು ದೋಷ. ಅವರ ಸ್ಕ್ಯಾನರ್ ನಿಮ್ಮ ಮಾಡೆಲ್‌ಗೆಂದೇ ಮಾಡಿದ್ದು, ಸಣ್ಣ ವಿವರವೂ ಕಾಣುತ್ತದೆ. ಆದರೆ ಎರಡು ಇಂಚು ವೈರ್ ರಿಪೇರಿ ಆಗುವ ಕಡೆ ಇಡೀ ಹಾರ್ನೆಸ್ (ವೈರಿನ ಕಟ್ಟು) ಬದಲಿಸುವ ಎಸ್ಟಿಮೇಟ್ ಕೊಡುವುದೂ ಅಲ್ಲೇ.

ಹೊಗೆ ತಪಾಸಣೆ ಕೇಂದ್ರವನ್ನೂ ಮರೆಯಬೇಡಿ. ಬಿಎಸ್4 (ಭಾರತ್ ಸ್ಟೇಜ್ 4 ಹೊಗೆ ನಿಯಮ) ಮತ್ತು ಅದರ ನಂತರದ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ 0.3 ಶೇಕಡಾ, ಹೈಡ್ರೋಕಾರ್ಬನ್ ಮಿತಿ 200 ಪಿಪಿಎಂ. ಕಾರ್ಬನ್ ಮೊನಾಕ್ಸೈಡ್ ಮಿತಿಗಿಂತ ಬಹಳ ಜಾಸ್ತಿ ಬಂದರೆ ಕಾರು ನಿಜವಾಗಿಯೂ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಅಂತ ಅರ್ಥ. ಅಗ್ಗದ ಸಾಕ್ಷಿ ಇದು. ಪ್ರೋಬ್ ನಿಜವಾಗಿಯೂ ಸೈಲೆನ್ಸರ್ ಒಳಗೆ ಹೋದರೆ ಮಾತ್ರ, ಅದನ್ನು ಬೇರೆ ಹೇಳಬೇಕಾಗಿಲ್ಲ ಅಲ್ವಾ.

ತೊಳೆಯೋದು

ಬೇಡ. ಪೆಟ್ರೋಲಿನಲ್ಲಿ ನೆನೆಸಿ, ತಂತಿ ಬ್ರಷ್ ಹಾಕಿ ಉಜ್ಜಿದರೆ ಮೇಲಿನ ಮಸಿ ಹೋಗುತ್ತದೆ. ಮಸಿಯನ್ನು ಬಿಸಿ ಪೈಪೇ ಸುಡುತ್ತದೆ, ಅದಕ್ಕೆ ನೀವು ಬೇಕಾಗಿಲ್ಲ. ಸೆನ್ಸರನ್ನು ಕೊಲ್ಲುವುದು ಸಿಲಿಕೋನ್, ಕೂಲೆಂಟ್, ಉರಿದ ಆಯಿಲ್. ಅವು ಪಿಂಗಾಣಿಯ ಮೇಲೆ ಕೂತರೆ ಯಾವ ಬ್ರಷ್‌ಗೂ ಬರುವುದಿಲ್ಲ. ಮುದಿಯಾದ ಸೆನ್ಸರ್ ತೊಳೆದ ಮಾತ್ರಕ್ಕೆ ಚುರುಕಾಗುವುದೂ ಇಲ್ಲ. ಮೇಲಾಗಿ ತೊಳೆಯಲು ಬಿಚ್ಚಲೇಬೇಕು. ತುಕ್ಕು ಹಿಡಿದ ಪೈಪಿನಿಂದ ಬಿಚ್ಚುವುದೇ ಈ ಕೆಲಸದ ಅರ್ಧ ಕಷ್ಟ. ಅಷ್ಟು ಕಷ್ಟಪಟ್ಟು ಹಳೆಯದನ್ನೇ ಯಾಕೆ ಹಾಕುತ್ತೀರಿ?

ವೈರು ಸರಿ ಮಾಡಿಸೋದು

ಕರಾವಳಿಯಲ್ಲಿ ಅತಿ ಕಮ್ಮಿ ಖರ್ಚಿನ ದಾರಿ ಇದೇ, ಪರೀಕ್ಷೆ ಇದನ್ನೇ ತೋರಿಸಿದರೆ ಖುಷಿಪಡಿ. ಇಲಿ ಕಡಿದದ್ದು ಇಂಜಿನ್ ಕಡೆಯ ಹಾರ್ನೆಸ್ ಆದರೆ ಜೋಡಿಸಿ ಟೇಪ್ ಸುತ್ತಿ ಮೇಲೆ ಸ್ಲೀವ್ ಹಾಕಿದರೆ ಸಾಕು. ಸೆನ್ಸರಿನದ್ದೇ ಬಾಲದ ವೈರ್ ಆದರೆ ಕಥೆ ಬೇರೆ. ಬಹಳಷ್ಟು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ಆ ವೈರಿನ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ. ಕ್ರಿಂಪ್ ಮಾಡಬೇಕು, ಅಂದರೆ ಲೋಹದ ಕೊಳವೆಯಲ್ಲಿ ಒತ್ತಿ ಜೋಡಿಸಬೇಕು. ಇದೇ ಕಾರಣಕ್ಕೆ ಮಳೆಗಾಲದ ಮುಂಚೆ ಎಲ್ಲಾ ಕಪ್ಲರಿಗೂ ಗ್ರೀಸ್ ಮೆತ್ತುವ, ಸ್ಪ್ರೇ ಹೊಡೆಯುವ ನಮ್ಮ ಅಭ್ಯಾಸವನ್ನು ಈ ಒಂದು ಕಪ್ಲರಿನ ಹತ್ತಿರ ಬಿಟ್ಟುಬಿಡಿ.

ಬದಲಿಸೋದೇ ಆದರೆ

ಹೀಟರ್ ಇರುವ ಸೆನ್ಸರ್ ಒಂದು ಲಕ್ಷ ಕಿಲೋಮೀಟರ್ ದಾಟಿದ್ದು, ಪಿ0133 ಬರುತ್ತಿದ್ದು, ಗ್ರಾಫೂ ಸೋಮಾರಿಯಾಗಿದ್ದರೆ ಧೈರ್ಯವಾಗಿ ಬದಲಿಸಿ.

ಕಾರು ಕಂಪನಿಯ ಡಬ್ಬದಲ್ಲಿ ಬರುವುದು ಎಲ್ಲಕ್ಕಿಂತ ದುಬಾರಿ. ಕಾರು ಕಂಪನಿಗಳು ಇದನ್ನು ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ. ಬಾಷ್, ಡೆನ್ಸೋ, ಎನ್‌ಟಿಕೆ ಥರದವರು ಮಾಡಿಕೊಡುತ್ತಾರೆ. ನಿಮ್ಮ ಹಳೆಯ ಸೆನ್ಸರಿನ ಷಡ್ಕೋನದ ಮೇಲೋ ಮೈಮೇಲೋ ಹೆಸರು, ನಂಬರ್ ಅಚ್ಚಾಗಿರುತ್ತದೆ. ಒರೆಸಿ, ಟಾರ್ಚ್ ಹಿಡಿದು ಫೋಟೋ ತೆಗೆಯಿರಿ. ಅದೇ ತಯಾರಕರ ಡಬ್ಬದಲ್ಲಿ ನಿಮ್ಮ ಮಾಡೆಲಿಗೆ ನೇರ ಕೂರುವ ಸೆನ್ಸರ್ ಅಂಗಡಿಯಲ್ಲಿ ಸಿಕ್ಕರೆ ನನ್ನ ಮತ ಅದಕ್ಕೇ. ಮಾಡಿದವರು ಅವರೇ, ಡಬ್ಬ ಬೇರೆ. ಬೇರೆ ಬ್ರ್ಯಾಂಡ್ ಆದರೂ ಎರಡನೇ ಸೆನ್ಸರಿಗೆ ನಡೆಯಬಹುದು, ಮೊದಲನೆಯದಕ್ಕೆ ನಾನು ಒಪ್ಪುವುದಿಲ್ಲ. ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿ: ವೈರಿನ ಉದ್ದ, ಕಪ್ಲರಿನ ಆಕಾರ, ಪಿನ್ನುಗಳ ಸಂಖ್ಯೆ. ಮೊದಲನೆಯದು ಎರಡನೆಯದರ ಜಾಗಕ್ಕೆ ಸಾಮಾನ್ಯವಾಗಿ ತಿರುಪಿನಲ್ಲಿ ಕೂರುತ್ತದೆ, ಆದರೆ ಕೆಲಸಕ್ಕೆ ಹೊಂದಬೇಕೆಂದಿಲ್ಲ.

ಯೂನಿವರ್ಸಲ್ ಸೆನ್ಸರಿಗೆ ಕಪ್ಲರ್ ಇರುವುದಿಲ್ಲ. ಹಳೆಯದರ ಕಪ್ಲರ್ ಕತ್ತರಿಸಿ ಜೋಡಿಸಬೇಕು. ಬೆಂಗಳೂರಿನ ಒಣ ಹವೆಯಲ್ಲಿ ನಾಲ್ಕು ಜಾಯಿಂಟ್ ತಾಳಿಕೊಳ್ಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಹೊಟ್ಟೆ ಒದ್ದೆಯಾಗಿಯೇ ಇರುವ ನಮ್ಮಲ್ಲಿ ನಾಲ್ಕು ಜಾಯಿಂಟ್ ಅಂದರೆ ನಾಲ್ಕು ಹೊಸ ತಲೆನೋವು. ಬೇರೇನೂ ಸಿಗದ ಹಳೆಯ ಕಾರಾದರೆ ಮಾತ್ರ.

ಹೆಸರಿಲ್ಲದ ಆನ್‌ಲೈನ್ ಸೆನ್ಸರ್, ಗುಜರಿಯದ್ದು ಎರಡನ್ನೂ ಬಿಟ್ಟುಬಿಡಿ. ಗುಜರಿಯಲ್ಲಿ ಬಾಗಿಲು, ಬಂಪರ್, ಕನ್ನಡಿ ತನ್ನಿ, ಸೊಗಸಾಗಿರುತ್ತವೆ. ಸೆನ್ಸರ್ ಎಷ್ಟು ಓಡಿದೆ, ಯಾವ ನೆರೆಯಲ್ಲಿ ಮುಳುಗಿತ್ತು ಅಂತ ಯಾರು ಹೇಳುತ್ತಾರೆ?

ಇನ್ನೊಂದು ದಾರಿ ತೋರಿಸುವವರೂ ಇದ್ದಾರೆ. ಪಿ0420 ಬಂದಾಗ ಎರಡನೇ ಸೆನ್ಸರಿಗೆ ಸ್ಪೇಸರ್ ಹಾಕಿ ಸ್ವಲ್ಪ ಹೊರಗೆ ನಿಲ್ಲಿಸಿದರೆ ಲೈಟ್ ಆರುತ್ತದೆ. ಕನ್ವರ್ಟರ್ ಸತ್ತೇ ಇರುತ್ತದೆ, ಹೇಳುವವನ ಬಾಯಿ ಮುಚ್ಚಿದ್ದಷ್ಟೇ. ಮುಂದೆ ಕಾರು ಮಾರುವಾಗ ಸ್ಕ್ಯಾನರ್ ತರುವ ಗಿರಾಕಿ ಬಂದರೆ ಆ ಸ್ಪೇಸರ್ ಬಗ್ಗೆ ನೀವೇ ಉತ್ತರ ಹೇಳಬೇಕು.

ಬಿಚ್ಚುವ ಕೆಲಸ

ಇಂಜಿನ್ ಉಗುರುಬೆಚ್ಚಗಿರುವಾಗ ಬಿಚ್ಚಬೇಕು. ತೀರಾ ತಣ್ಣಗಿದ್ದರೆ ಥ್ರೆಡ್ ಬಿಗಿಯಾಗಿರುತ್ತದೆ, ಕೆಂಡದಂತಿದ್ದರೆ ಕೈ ಸುಡುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಸೆನ್ಸರಿನ ಷಡ್ಕೋನ ಸಾಮಾನ್ಯವಾಗಿ 22 ಎಂಎಂ. ವೈರ್ ಹೊರಬರಲು ಪಕ್ಕದಲ್ಲಿ ಸೀಳು ಇರುವ ವಿಶೇಷ ಸಾಕೆಟ್ ಬರುತ್ತದೆ, ಗ್ಯಾರೇಜಿನಲ್ಲಿ ಅದಿದೆಯಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಪೈಪ್ ರೆಂಚ್ ಹಿಡಿದು ಜಗ್ಗುತ್ತಾರೆ, ಥ್ರೆಡ್ ಹೋಗುತ್ತದೆ, ಸೆನ್ಸರಿಗಿಂತ ಪೈಪಿನ ಬಿಲ್ ದೊಡ್ಡದಾಗುತ್ತದೆ. ಮೊದಲ ಸೆನ್ಸರ್ ಮೇಲಿನಿಂದ ಕೈಗೆಟುಕುವ ಕಾರಾದರೆ ಕೈಕೆಲಸ ಬಲ್ಲವರು ಮನೆಯಲ್ಲೇ ಮಾಡಬಹುದು. ಎರಡನೆಯದು ಕಾರಿನ ಅಡಿಗಿರುತ್ತದೆ, ಲಿಫ್ಟ್ ಇರುವ ಗ್ಯಾರೇಜಿಗೇ ಹೋಗಿ. ಹೊಸದರ ಥ್ರೆಡ್‌ಗೆ ಸಾಮಾನ್ಯವಾಗಿ ಅಂಟಿಕೊಳ್ಳದಂತೆ ತಡೆಯುವ ಪೇಸ್ಟ್ ಹಚ್ಚಿಯೇ ಬರುತ್ತದೆ. ಮೇಲೆ ಮತ್ತಷ್ಟು ಮೆತ್ತಿ ತುದಿಗೆ ತಾಗಿಸಬಾರದು. ತುದಿಯನ್ನು ಬೆರಳಲ್ಲೂ ಮುಟ್ಟದಿರುವುದು ಒಳ್ಳೆಯದು.

ಎಷ್ಟು ಅವಸರ? ಲೈಟ್ ಮಿಣುಕುತ್ತಿದ್ದರೆ ಇಂಜಿನ್ ಮಿಸ್ ಹೊಡೆಯುತ್ತಿದೆ, ಮುಂದಕ್ಕೆ ಓಡಿಸಬೇಡಿ. ಲೈಟ್ ಸುಮ್ಮನೆ ಹೊತ್ತಿದ್ದು ಎರಡನೇ ಸೆನ್ಸರಿನ ಕೋಡ್ ಆದರೆ ಸಂಬಳ ಬರುವವರೆಗೆ ಕಾಯಬಹುದು. ಮೊದಲನೆಯದಾದರೆ ತಡ ಮಾಡಬೇಡಿ. ಸುಡದ ಪೆಟ್ರೋಲ್ ಹೋಗಿ ಕನ್ವರ್ಟರ್ ಹಾಳಾದರೆ ಅದರ ಮುಂದೆ ಸೆನ್ಸರಿನ ಬೆಲೆ ಚಿಲ್ಲರೆ.

ಹಳೆಯ ಸೆನ್ಸರನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಕೇಳಿ ತೆಗೆದುಕೊಂಡು ತುದಿ ನೋಡಿ. ತಿಳಿ ಕಂದು ಅಥವಾ ಬೂದಿ ಬಣ್ಣ ಇದ್ದರೆ ವಯಸ್ಸಾಗಿ ಹೋದದ್ದು. ಒಣ ಕಪ್ಪು ಮಸಿ ಇದ್ದರೆ ಇಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ. ಕಪ್ಪಗೆ ಎಣ್ಣೆ ಎಣ್ಣೆಯಾಗಿದ್ದರೆ ಆಯಿಲ್ ಉರಿಯುತ್ತಿದೆ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಕೂಲೆಂಟ್ ಒಳಗೆ ಸೋರುತ್ತಿದೆ, ಇಲ್ಲವೇ ಇತ್ತೀಚೆಗೆ ಯಾರೋ ಇಂಜಿನ್ ಕೆಲಸದಲ್ಲಿ ಸೆನ್ಸರಿಗೆ ಆಗದ ಸಿಲಿಕೋನ್ ಗಮ್ ಬಳಸಿದ್ದಾರೆ. ಕೊನೆಯ ಮೂರರಲ್ಲಿ ಯಾವುದು ಕಂಡರೂ ಆ ಕಾರಣವನ್ನು ಸರಿಮಾಡಿಸಿಯೇ ಹೊಸ ಸೆನ್ಸರಿನ ಮೇಲೆ ಕಾರು ಓಡಿಸಿ. ಇಲ್ಲದಿದ್ದರೆ ಅದೇ ಅಂಗಡಿಗೆ ಅದೇ ನಂಬರ್ ಹಿಡಿದು ಮತ್ತೆ ಹೋಗಬೇಕಾಗುತ್ತದೆ.